ಪರದೆಯಮ್ಮನ ಎರಡು ದನಿ

ಪರದೆಯಮ್ಮ ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಒಂದೇ ಸಲಕ್ಕೆ ಕೇಳಿಸುವುದಿಲ್ಲ. ಅಷ್ಟು ಸಣ್ಣ ದನಿ. ಹಾಲಿನವನು "ಏನಂದ್ರಿ ಅಮ್ಮ?" ಅಂತ ಮತ್ತೆ ಕೇಳಬೇಕು, ತರಕಾರಿಯವನು ತಕ್ಕಡಿ ಕೆಳಗಿಟ್ಟು ಕಿವಿ ಮುಂದೆ ಚಾಚಬೇಕು. ಬೀದಿಯ ಅತ್ತೆಯರಿಗೆಲ್ಲ ಇದೇ ಒಂದು ದೊಡ್ಡ ಗುಣ. "ಅವಳನ್ನ ನೋಡಿ ಕಲಿತುಕೋ. ನೀನೂ ಇದ್ದೀಯ, ಬಾಯಿ ತೆಗೆದರೆ ಬೀದಿ ಕೊನೆಯ ನಾಯಿ ಎದ್ದು ಕೂರತ್ತೆ" ಅಂತ ತಮ್ಮ ತಮ್ಮ ಸೊಸೆಯಂದಿರನ್ನು ಕುಟುಕುತ್ತಾರೆ. ಪಾಪ ಆ ಸೊಸೆಯಂದಿರು! ಅವರಿಗೇನು ಗೊತ್ತು, ಆ ದನಿ ಪರದೆಯಮ್ಮನದ್ದೇ ಅಲ್ಲ ಅಂತ. ಅವರಿಗಿರಲಿ, ಕಟ್ಟಿಕೊಂಡ ಗಂಡನಿಗೇ ಗೊತ್ತಿರಲಿಲ್ಲ.

ಪರದೆಯಮ್ಮ ಅನ್ನುವುದು ಕೆಲಸ ಕೊಟ್ಟ ಹೆಸರು. ಮುಖ್ಯರಸ್ತೆಯ ಹಿಂದೆ, ಔಷಧಿ ಅಂಗಡಿಯ ಮೇಲೆ, ಉದ್ದನೆಯ ಒಂದು ಕೋಣೆ. ಅದರಲ್ಲಿ ಊಟದ ಪಂಕ್ತಿಯಷ್ಟು ಉದ್ದದ ಒಂದು ಮೇಜು, ಗೋಡೆಗೆ ಸಾಲಾಗಿ ಹೊಲಿಗೆ ಮಿಷಿನ್ನುಗಳು, ಮೂಲೆಯಲ್ಲಿ ಇಸ್ತ್ರಿ. ಮನೆಗಳ ಕಿಟಕಿ ಪರದೆ, ಆಸ್ಪತ್ರೆಯ ವಾರ್ಡುಗಳಿಗೆ ಹಸಿರು ಪರದೆ, ಹೋಟೆಲಿನವರಿಗೆ ಬಿಸಿಲು ಒಳಗೆ ಬಿಡದ ದಪ್ಪ ಪರದೆ, ಎಲ್ಲ ಅಲ್ಲೇ ಹೊಲಿಯುವುದು. ಪರದೆಯಮ್ಮನಿಗೆ ಆ ಕೋಣೆ ಸ್ವರ್ಗ. ಯಾಕೆ ಅಂದರೆ ಮಿಷಿನ್ನುಗಳ ಗಲಾಟೆಯಲ್ಲಿ ಯಾರೂ ಯಾರ ಜೊತೆಯೂ ಮಾತಾಡುವ ಹಾಗಿಲ್ಲ. ಸನ್ನೆ ಮಾಡಿದರೆ ಸಾಕು, ಕತ್ತರಿ ಕೈಗೆ ಬರುತ್ತದೆ.

ಚಿಕ್ಕವಳಿದ್ದಾಗ ಅವಳಿಗೆ ಇನ್ನೊಂದು ಹೆಸರಿತ್ತು. ನಗಾರಿ. ಶಾಲೆಯಲ್ಲಿ ಇಟ್ಟಿದ್ದು. ಪಾಠ ಓದಲು ಎದ್ದು ನಿಂತರೆ ಪಕ್ಕದ ತರಗತಿಯ ಮೇಷ್ಟ್ರು ತಮ್ಮ ಸಹೋದ್ಯೋಗಿ ಓದುತ್ತಿದ್ದಾರೆ ಅಂದುಕೊಳ್ಳುತ್ತಿದ್ದರಂತೆ. ಹೊಟ್ಟೆಯ ಆಳದಿಂದ ಎದ್ದು ಬರುವ, ದಪ್ಪನೆಯ, ತುಂಬಿದ ದನಿ. ಅವಳ ಅಪ್ಪನಿಗೆ ಅದು ಇಷ್ಟವಾಗಿತ್ತು. ಆದರೆ ಅಪ್ಪ ಬಹಳ ದಿನ ಇರಲಿಲ್ಲ. ಅಮ್ಮನಿಗೆ ಅದೊಂದು ತಲೆನೋವು, ಅದರಲ್ಲೂ ಮಗಳು ಮದುವೆಗೆ ಬಂದಮೇಲೆ.

ಮೊದಲನೇ ಸಂಬಂಧ ಕೇಳಿಕೊಂಡು ಬಂದವರು ಮುಂದಿನ ಕೋಣೆಯಲ್ಲಿ ಕೂತಿದ್ದರು. ಇವಳು ಒಳಗಿಂದಲೇ ಅಮ್ಮನಿಗೆ "ಸಕ್ಕರೆ ಡಬ್ಬ ಎಲ್ಲಿಟ್ಟಿದ್ದೀಯ?" ಅಂದಳು. ಅಷ್ಟೇ. ಹುಡುಗನ ಅಪ್ಪ ಲೋಟ ಕೆಳಗಿಟ್ಟು, "ಹುಡುಗಿಗೆ ಅಣ್ಣನೂ ಇದ್ದಾನೆ ಅಂತ ನೀವು ಹೇಳಲೇ ಇಲ್ಲವಲ್ಲ" ಅಂದರು. ಅಣ್ಣ ಇರಲಿಲ್ಲ. ಅಮ್ಮನ ಮುಖ ಬೆಳ್ಳಗಾಯಿತು, ಹುಡುಗನ ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಅವರು ಎದ್ದು ಹೋದರು. ಆ ಸಂಜೆ ಅಮ್ಮ ಹಣೆ ಚಚ್ಚಿಕೊಂಡು, "ದನಿ ಸ್ವಲ್ಪ ಸಣ್ಣ ಮಾಡಿಕೊಳ್ಳೇ, ನಿನಗೆ ಕೈ ಮುಗೀತೀನಿ" ಅಂತ ಅತ್ತಿದ್ದನ್ನು ಪರದೆಯಮ್ಮ ಇವತ್ತಿಗೂ ಮರೆತಿಲ್ಲ.

ಎರಡನೇ ಸಂಬಂಧ ಬಂದಾಗ ಗಂಟಲು ಹಿಡಿದುಕೊಂಡು ಮಾತಾಡಿದಳು. ಮಾತು ಕುದುರಿಯೇಬಿಟ್ಟಿತು. ಮದುವೆ ಮುಗಿಯುವವರೆಗೆ ಹೀಗೇ ಇರೋಣ ಅಂದುಕೊಂಡಳು. ಆಮೇಲೆ, ಅತ್ತೆ ಸ್ವಲ್ಪ ಪರಿಚಯವಾಗಲಿ ಅಂದುಕೊಂಡಳು. ಅತ್ತೆ ತೀರಿಕೊಂಡರು. ಆಮೇಲೆ, ಗಂಡನಿಗೆ ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆ ಅನ್ನುವುದು ಯಾರಪ್ಪನ ಮನೆಯ ಗಂಟು, ಎಷ್ಟು ಬೇಕಾದರೂ ಬರುತ್ತಲೇ ಇರುತ್ತದೆ. ಸಿಕ್ಕಿಬಿದ್ದಿದ್ದರೆ ಒಂದು ದಿನದ ರಗಳೆಯಲ್ಲಿ ಎಲ್ಲ ಮುಗಿಯುತ್ತಿತ್ತು. ಇವಳು ಸಿಕ್ಕಿಬೀಳಲೇ ಇಲ್ಲ, ಅದೇ ಕಷ್ಟಕ್ಕೆ ಬಂತು.

ಗಂಡ ಒಳ್ಳೆಯವನು. ಲಿಫ್ಟ್ ರಿಪೇರಿಯವನು. ದಿನವಿಡೀ ಕತ್ತಲ ಕೊಳವೆಗಳಲ್ಲಿ ತೂಗಾಡಿಕೊಂಡು ಗ್ರೀಸು ಮೆತ್ತಿಕೊಂಡು ಬರುತ್ತಾನಾದ್ದರಿಂದ ಮನೆಗೆ ಬಂದರೆ ಬಾಯಿ ನಿಲ್ಲುವುದಿಲ್ಲ. ಅವನು ನೆಂಟರೆದುರು ಹೇಳುವ ಒಂದು ಕತೆಯಿದೆ: "ನಮ್ಮ ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಯಾವನೋ ಕುಡುಕ ಹೆರಿಗೆ ಕೋಣೆಗೇ ನುಗ್ಗಿಬಿಟ್ಟಿದ್ದ ಕಣ್ರಪ್ಪ. ಏನು ಆರ್ಭಟ ಅಂತೀರಿ! ನಾನು ಹೊರಗಿಂದ ಬಾಗಿಲು ಬಡಿದೆ, ನನ್ನ ಹೆಂಡತಿ ಒಳಗಿದ್ದಾಳೆ, ಮೊದಲು ಅವನನ್ನ ಆಚೆ ಹಾಕಿ ಅಂತ." ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಪರದೆಯಮ್ಮನೂ ಹಿಹಿಹಿ ಅಂತ ಸಣ್ಣಗೆ ನಗುತ್ತಾಳೆ. ನಕ್ಕು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಾಳೆ.

ಇಷ್ಟು ಮಾತ್ರ ಆಗಿದ್ದರೆ ಹೋಗಲಿ ಬಿಡಿ, ಅವಳ ಗಂಟಲು, ಅವಳ ಹಣೆಬರಹ ಅನ್ನಬಹುದಿತ್ತು. ಆದರೆ ಮಗಳು ಬೆಳೆದಳು. ಮಾತು ಬಲಿಯುತ್ತಿದ್ದಂತೆ ಒಂದು ದಿನ ಹಿತ್ತಲಿಂದ "ಅಮ್ಮಾ, ಹಸಿವು" ಅಂತ ಕೂಗಿದಳು. ಪರದೆಯಮ್ಮ ಹಿತ್ತಲಿಗೆ ಓಡಿದಳು. ತನ್ನದೇ ದನಿ! ಅಳತೆ ಇಟ್ಟು ಕತ್ತರಿಸಿದ ಹಾಗೆ ತನ್ನದೇ.

"ಇದೇನೇ ಹೀಗೆ ಮಾತಾಡ್ತೀಯ! ಎಲ್ಲಿಂದ ಬಂತು ಇದು? ನಿಮ್ಮಪ್ಪನ ಕಡೆಯದು ಇರಬೇಕು" ಅಂದುಬಿಟ್ಟಳು. ಅವಸರದಲ್ಲಿ ಬಾಯಿಗೆ ಬಂದದ್ದು. ಗಂಡನೋ, ಮಹಾನುಭಾವ, ಎದೆ ಉಬ್ಬಿಸಿಕೊಂಡು, "ಹೌದೌದು, ನಮ್ಮ ದೊಡ್ಡಪ್ಪನದು ಥೇಟ್ ಇದೇ ದನಿ" ಅಂದ. ಆ ದೊಡ್ಡಪ್ಪನನ್ನು ಯಾರೂ ನೋಡಿರಲಿಲ್ಲ. ಸುಳ್ಳು ಅಲ್ಲಿಗೆ ಗಟ್ಟಿಯಾಯಿತು.

ಆವತ್ತಿಂದ ಮಗಳಿಗೆ ಪಾಠ ಶುರು. ಬೈದು ಕಲಿಸಲಿಲ್ಲ ಅವಳು, ಅದನ್ನು ಹೇಳಲೇಬೇಕು. ಆಟವಾಗಿ ಕಲಿಸಿದಳು. ಸೂಜಿಗೆ ದಾರ ಪೋಣಿಸುವ ಆಟ. "ನಿನ್ನ ದನಿ ದಾರ. ಅದು ಸೂಜಿ ಕಣ್ಣಲ್ಲಿ ತೂರಬೇಕು. ದಪ್ಪ ಆದರೆ ತೂರಲ್ಲ. ಇನ್ನೂ ಸಣ್ಣ, ಇನ್ನೂ ಸಣ್ಣ... ಹಾಂ, ತೂರಿತು ನೋಡು!" ಮಗು ಚಪ್ಪಾಳೆ ತಟ್ಟಿ ಕುಣಿಯುತ್ತಿತ್ತು. ದಪ್ಪ ದನಿ ಬಂದಾಗೆಲ್ಲ ಪರದೆಯಮ್ಮ ತುಟಿ ಪಿಟಕ್ಕೆನ್ನದೆ ಎರಡು ಬೆರಳು ಎತ್ತಿ ಸೂಜಿ ಹಿಡಿದ ಹಾಗೆ ತೋರಿಸುವಳು. ಮಗಳು ತಟ್ಟನೆ ಗಂಟಲು ಬಿಗಿದುಕೊಳ್ಳುವಳು. ಕೊನೆಗೆ ಬೆರಳು ಎತ್ತುವ ಅಗತ್ಯವೂ ಉಳಿಯಲಿಲ್ಲ.

ಅದರ ಮೇಲೆ ಆ ಹುಡುಗಿಗೆ ಹಾಡಿನ ಹುಚ್ಚು. ತಾಯಿಯಂತೆ ಬಾಯಿ ಮುಚ್ಚಿಕೊಂಡು ಬದುಕುವ ಜೀವವಲ್ಲ ಅದು. ಎರಡು ಬೀದಿ ಆಚೆ ಹಾಡಿನ ಮೇಡಂ ಒಬ್ಬರು ತಮ್ಮ ಮನೆಯ ಮಹಡಿಯಲ್ಲಿ ಹುಡುಗಿಯರಿಗೆ ಪಾಠ ಹೇಳುತ್ತಿದ್ದರು. ಎಲ್ಲರಿಗೂ ಒಂದೇ ಶ್ರುತಿ, ಎತ್ತರದ್ದು. ಹುಡುಗಿಯರು ಅಂದಮೇಲೆ ಎತ್ತರದಲ್ಲೇ ಹಾಡಬೇಕು, ಅದರಲ್ಲಿ ಪ್ರಶ್ನೆ ಏನಿದೆ? ಇವಳು ಕುತ್ತಿಗೆಯ ನರ ಉಬ್ಬಿಸಿಕೊಂಡು ಅಲ್ಲಿಗೆ ಏರಿ ನಿಂತು ಹಾಡಿದಳು, ವರ್ಷಗಟ್ಟಲೆ. ಮೇಡಂ "ಶ್ರದ್ಧೆ ಇದೆ" ಅಂತ ಹೊಗಳಿದರು. ಪರದೆಯಮ್ಮ ಒಳಗೊಳಗೇ ಹಿಗ್ಗಿದಳು. ತನಗೆ ಬಂದ ಗತಿ ಮಗಳಿಗೆ ಬರಲಿಲ್ಲ, ಗೆದ್ದೆ ಅಂದುಕೊಂಡಳು.

ಹದಿನೈದನೇ ವಯಸ್ಸಿಗೆ ಮಗಳ ದನಿ ಒಡೆಯಲು ಶುರುವಾಯಿತು. ಮೊದಲು ಶೀತ ಅಂದರು. ಉಪ್ಪುನೀರು ಮುಕ್ಕಳಿಸಿದ್ದಾಯಿತು, ಜೇನು ನೆಕ್ಕಿದ್ದಾಯಿತು. ಬೆಳಗ್ಗೆ ಸ್ವಲ್ಪ ಬರುವುದು, ಸಂಜೆಗೆ ಬರೀ ಗಾಳಿ. ಒಂದು ದಿನ ಹಾಡುವಾಗ ಎಲ್ಲರೆದುರು ದನಿ ಪಟ್ಟನೆ ನಿಂತೇಹೋಯಿತು. ಹುಡುಗಿ ಬಾಯಿ ತೆರೆದುಕೊಂಡು ನಿಂತಿದ್ದಳಂತೆ, ಏನೂ ಬರುತ್ತಿರಲಿಲ್ಲವಂತೆ. ಮೇಡಂ ಗಾಬರಿಯಿಂದ ಮನೆಗೆ ಕರೆತಂದು ಬಿಟ್ಟರು.

ಗಂಟಲಿನ ಡಾಕ್ಟರು ವಯಸ್ಸಾದ ಹೆಂಗಸು. ಮೂಗಿನೊಳಗಿಂದ ತೆಳ್ಳನೆಯ ಕೊಳವೆ ಇಳಿಸಿ ನೋಡಿದರು. ಗೋಡೆಯ ಟೀವಿ ಪರದೆಯ ಮೇಲೆ ಮಗಳ ಗಂಟಲು ಕಾಣಿಸಿತು, ಎರಡು ಬೆಳ್ಳಗಿನ ಪಟ್ಟಿ, ಅವುಗಳ ಅಂಚಿನಲ್ಲಿ ಗಂಟುಗಳು.

"ಇವಳು ಮಾತಾಡ್ತಿರೋದು ಇವಳ ದನಿಯಲ್ಲ" ಅಂದರು ಡಾಕ್ಟರು. "ಹಿಂಡಿ ಹಿಂಡಿ ಮಾತಾಡ್ತಿದ್ದಾಳೆ. ಬಿಗಿ ಚಪ್ಪಲಿ ಹಾಕಿಕೊಂಡು ಓಡಿದ ಹಾಗೆ. ಯಾರು ಹೇಳಿಕೊಟ್ಟರು ಹೀಗೆ ಮಾತಾಡೋದನ್ನ?"

ಮಗಳು ಅಮ್ಮನನ್ನು ನೋಡಿದಳು. ಪರದೆಯಮ್ಮ ಸಣ್ಣ ದನಿಯಲ್ಲಿ, "ಗೊತ್ತಿಲ್ಲ ಡಾಕ್ಟ್ರೇ" ಅಂದಳು.

ಡಾಕ್ಟರು ತಲೆ ಎತ್ತಿದರು. ಆ "ಗೊತ್ತಿಲ್ಲ" ಅವರಿಗೆ ಎಲ್ಲ ಹೇಳಿತೋ ಏನೋ. ಆದರೂ ಅದನ್ನು ಕೆದಕಲಿಲ್ಲ. "ಕೆಲವು ವಾರ ಪೂರ್ತಿ ಮೌನ. ಪಿಸುಮಾತೂ ಬೇಡ. ಆಮೇಲೆ ಮೆಲ್ಲಗೆ, ತಗ್ಗಿನಲ್ಲಿ, ಅವಳದೇ ದನಿಯಲ್ಲಿ ಮಾತು ಶುರು ಮಾಡಿಸಬೇಕು. ಮನೆಯಲ್ಲಿ ಯಾರಾದರೂ ಜೊತೆ ಕೊಡಬೇಕಮ್ಮ, ತಾನಾಗಿ ಬರಲ್ಲ ಅದು. ಹಳೇ ಥರವೇ ಮುಂದುವರಿಸಿದರೆ ಹಾಡು ಇರಲಿ, ಮಾತಿಗೂ ಕಷ್ಟ ಆಗತ್ತೆ."

ಮನೆಯಲ್ಲಿ ಯಾರಾದರೂ. ಪರದೆಯಮ್ಮ ಬಸ್ಸಿನಲ್ಲಿ ಆ ಮಾತನ್ನೇ ಮೆಲುಕು ಹಾಕಿದಳು. ಹೇಳಿಬಿಡಬೇಕು ಅಂತ ಎಷ್ಟು ಸಲ ಬಾಯಿ ತೆರೆದಳೋ! ಹೇಳುವುದಾದರೂ ಯಾವ ದನಿಯಲ್ಲಿ? ಸಣ್ಣ ದನಿಯಲ್ಲಿ ಹೇಳಿದರೆ ಸುಳ್ಳು, ದಪ್ಪ ದನಿಯಲ್ಲಿ ಹೇಳಿದರೆ ಹೇಳುವುದೇ ಬೇಕಿಲ್ಲ. ಗಂಡನ ಮುಖ ಕಣ್ಣೆದುರು ಬರುವುದು, ಅವಳು ಮತ್ತೆ ಬಾಯಿ ಮುಚ್ಚುವಳು.

ಮನೆ ಸ್ಮಶಾನದಂತಾಯಿತು. ಮಗಳು ಬೇಕಾದ್ದಕ್ಕೆ ಚಪ್ಪಾಳೆ ತಟ್ಟುವಳು, ಬೇಡದ್ದಕ್ಕೆ ತಲೆ ಅಲ್ಲಾಡಿಸುವಳು. ಗಂಡ ಒಬ್ಬನೇ ಗೋಡೆಗೆ ಮಾತಾಡಿದ ಹಾಗೆ ಮಾತಾಡಿ ಮಾತಾಡಿ ಅವನೂ ಸುಸ್ತಾದ. ಹುಡುಗಿ ಕಿಟಕಿಯ ಬಳಿ ಕೂತು ಮಹಡಿ ಮನೆಯ ಹಾಡಿನ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಬೆರಳು ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಅಂಥ ಹೊತ್ತಿನಲ್ಲಿ ಸಭಾಂಗಣದ ಕೆಲಸ ಬಂತು. ಅಲ್ಲಿನ ವೇದಿಕೆಯ ದೊಡ್ಡ ಪರದೆ, ಕೆಂಪು ಮಕಮಲ್ಲಿನದು, ಎಳೆದೆಳೆದು ಮೇಲಿನ ನೆರಿಗೆ ಕಿತ್ತುಹೋಗಿತ್ತು. ಅದನ್ನು ಕೆಳಗಿಳಿಸಿ ಅಂಗಡಿಗೆ ತರುವ ಮಾತೇ ಇಲ್ಲ, ಆನೆಯ ತೂಕ. ಅಲ್ಲೇ ಹೋಗಿ ಹೊಲಿಯಬೇಕು. ಪರದೆಯಮ್ಮ ವೇದಿಕೆಯ ಹಲಗೆಯ ಮೇಲೆ ಕೂತು, ಮಕಮಲ್ಲನ್ನು ಮಡಿಲಿಗೆ ಹರಡಿಕೊಂಡು, ದಬ್ಬಣದಲ್ಲಿ ಒಂದೊಂದೇ ಕೊಂಡಿ ಬಿಗಿದಳು. ಪರದೆ ಹಾರಾಡದಂತೆ ಕೆಳ ಅಂಚಿನೊಳಗೆ ಹಾಕಿದ ಭಾರದ ಸರಪಳಿ ಜಾರಿದ ಕಡೆ ಮತ್ತೆ ಕೂರಿಸಿದಳು. ಭಾನುವಾರ ಮಧ್ಯಾಹ್ನ ಸಂಗೀತ ಕಚೇರಿ, ಅಷ್ಟರೊಳಗೆ ಆಗಬೇಕು ಅಂತ ಸಭಾಂಗಣದ ಮ್ಯಾನೇಜರು ನಿಂತಲ್ಲಿ ನಿಲ್ಲದೆ ಓಡಾಡುತ್ತಿದ್ದ. ಕೆಲಸ ಮುಗಿದಾಗ ಖುಷಿಯಾಗಿ ಎರಡು ಪಾಸು ಕೈಗೆ ತುರುಕಿದ. "ಬನ್ನಿ ಅಮ್ಮ, ಮನೆಯವರನ್ನ ಕರೆದುಕೊಂಡು ಬನ್ನಿ. ದೊಡ್ಡ ಗಾಯಕಿ."

ಗಾಯಕಿ ಯಾರು, ಎತ್ತ, ಪರದೆಯಮ್ಮ ಕೇಳಲಿಲ್ಲ. ಮಗಳಿಗೆ ಮಾತು ಬೇಡ ಅಂದಿದ್ದಾರೆ, ಕೇಳಬೇಡ ಅಂದಿಲ್ಲವಲ್ಲ. ಪಾಸು ತೋರಿಸಿದಾಗ ಎಷ್ಟೋ ದಿನಕ್ಕೆ ಹುಡುಗಿಯ ಮುಖದಲ್ಲಿ ಕಳೆ ಬಂತು. ಬೇಗ ಬೇಗ ತಲೆ ಬಾಚಿಕೊಂಡು, ಅಮ್ಮನ ಸೀರೆಯ ನೆರಿಗೆಯನ್ನೂ ತಾನೇ ಸರಿಮಾಡಿ, ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ ಹೊರಡಿಸಿದಳು.

ಸಭಾಂಗಣ ಮುಕ್ಕಾಲು ತುಂಬಿತ್ತು. ಒಂದಕ್ಕೊಂದು ಜೋಡಿಸಿದ ಹಳೆಯ ಮರದ ಕುರ್ಚಿಗಳು, ಒಬ್ಬರು ಕೆಮ್ಮಿದರೆ ಸಾಲಿಗೆ ಸಾಲೇ ಅದುರುವಂಥವು. ಪರದೆ ಸರಾಗವಾಗಿ ಸರಿದದ್ದು ನೋಡಿ ಪರದೆಯಮ್ಮನಿಗೆ ಸಮಾಧಾನವಾಯಿತು. ನಡುವೆ ಒಬ್ಬ ಭಾರಿ ಹೆಂಗಸು ಕೂತಿದ್ದರು, ನರೆತ ಕೂದಲು, ದೊಡ್ಡ ಕನ್ನಡಕ. ಹಿಂದೆ ತಂಬೂರಿ ಹಿಡಿದ ಹುಡುಗಿ, ಪಕ್ಕದಲ್ಲಿ ಪಿಟೀಲಿನವರು, ಮೃದಂಗದವರು. ಆ ಹೆಂಗಸು ಕಣ್ಣು ಮುಚ್ಚಿ, ಬಾಯಿ ಅಷ್ಟೇನೂ ತೆರೆಯದೆ, ಶ್ರುತಿ ಹಿಡಿದರು.

ಪರದೆಯಮ್ಮ ಕೂತಲ್ಲೇ ಕಲ್ಲಾದಳು.

ನೆಲದಡಿಯಿಂದ ಬಂದ ಹಾಗಿತ್ತು ಆ ದನಿ. ತಗ್ಗಿನಲ್ಲಿ, ಅವಸರವಿಲ್ಲದೆ, ದಪ್ಪನೆಯ ಹಗ್ಗ ಬಾವಿಗೆ ಇಳಿಯುವಂತೆ ಇಳಿಯುತ್ತ ಹೋಯಿತು. ಇನ್ನೇನು ಇಳಿಯಲಾರದು ಅನ್ನುವ ಹೊತ್ತಿಗೆ ಇನ್ನೂ ಒಂದು ಮೆಟ್ಟಿಲು ಇಳಿದು ನಿಂತಿತು. ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಹಿಂದಿನ ಸಾಲಿನಲ್ಲಿ ಒಬ್ಬ ತನ್ನ ಹೆಂಡತಿಗೆ, "ಇವರು ಸುಮ್ಮನೆ ಬಾಯಾಡಿಸ್ತಿದ್ದಾರೆ ಕಣೆ. ನಿಜವಾಗಿ ಹಾಡೋನು ಪರದೆ ಹಿಂದೆ ಇದ್ದಾನೆ" ಅಂದ. ಹೆಂಡತಿ ಕಿಸಕ್ಕೆಂದಳು.

ಪರದೆಯಮ್ಮನ ಕಿವಿ ಕಾದುಹೋಯಿತು. ಅವಮಾನ ಆದದ್ದು ತನಗೇ ಅನ್ನುವಂತೆ ತಲೆ ತಗ್ಗಿಸಿದಳು. ಈ ಹೆಂಗಸಿಗೆ ನಾಚಿಕೆ ಬೇಡವಾ? ಯಾರೂ ಬುದ್ಧಿ ಹೇಳಲಿಲ್ಲವಾ ಇವಳಿಗೆ? ಎದ್ದು ಹೋಗೋಣ ಅಂತ ಮಗಳ ಮೊಣಕೈ ಮುಟ್ಟಿದಳು. ಮಗಳು ಕೈ ಕೊಸರಿಕೊಂಡಳು. ಅವಳು ಕುರ್ಚಿಯ ತುದಿಗೆ ಬಂದು, ಮುಂದಿನ ಕುರ್ಚಿಯ ಬೆನ್ನು ಹಿಡಿದು, ಕಣ್ಣು ಪಿಳುಕಿಸದೆ ನೋಡುತ್ತಿದ್ದಳು.

ಮೊದಲ ಹಾಡು ಮುಗಿದಾಗ ಗಾಯಕಿ ಮೈಕಿನವನಿಗೆ ಸನ್ನೆ ಮಾಡಿ, ಅದೇ ದನಿಯಲ್ಲಿ, "ಸ್ವಲ್ಪ ತಗ್ಗಿಸಪ್ಪ, ನನಗೆ ಅಷ್ಟೊಂದು ಬೇಡ" ಅಂದರು. ಜನ ನಕ್ಕರು. ಅವರೂ ನಕ್ಕರು. "ಫೋನಿನಲ್ಲಿ ಎಲ್ಲರೂ ನನ್ನನ್ನ ಸಾರ್ ಅಂತಾರೆ. ನಾನೂ ಹೇಳಪ್ಪ ಅಂತೀನಿ. ಕೆಲಸ ಬೇಗ ಆಗತ್ತೆ." ಈ ಸಲ ಸಭಾಂಗಣಕ್ಕೆ ಸಭಾಂಗಣವೇ ನಕ್ಕಿತು. ಹಿಂದಿನ ಸಾಲಿನವನೂ ಚಪ್ಪಾಳೆ ತಟ್ಟಿದ, ಗೋಸುಂಬೆ.

ಅಷ್ಟೇನಾ? ಪರದೆಯಮ್ಮನ ತಲೆಯಲ್ಲಿ ಅದೊಂದೇ ಸುತ್ತುತ್ತಿತ್ತು. ಒಂದು ನಗುವಿನಲ್ಲಿ ಮುಗಿದುಹೋಗುವಂಥದ್ದಾ ಇದು? ಇಷ್ಟಕ್ಕಾ ನಾನು ಇಷ್ಟೆಲ್ಲ ಮಾಡಿದ್ದು? ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚೇ ಅದು, ಬೇರೆ ಹೆಸರು ಯಾಕೆ ಕೊಡಬೇಕು.

ಆಮೇಲಿನ ಹಾಡು ನಿಧಾನದ್ದು, ದೊಡ್ಡದು. ಗುಸುಗುಸು ನಿಂತಿತು, ಕೆಮ್ಮೂ ನಿಂತಿತು. ಪಿಟೀಲು ಕೂಡ ಆ ದನಿಯ ಹಿಂದೆ ಹಿಂದೆ ಹೆಜ್ಜೆ ಸಪ್ಪಳವಿಲ್ಲದೆ ನಡೆಯಿತು. ಪರದೆಯಮ್ಮನ ಸಿಟ್ಟು ಯಾವಾಗ ಕರಗಿತೋ ಅವಳಿಗೇ ತಿಳಿಯಲಿಲ್ಲ. ಆ ದನಿ ಹೋದಲ್ಲೆಲ್ಲ ಅವಳಿಗೆ ದಾರಿ ಗೊತ್ತಿತ್ತು. ಆ ತಗ್ಗು, ಆ ತಿರುವು, ಎಲ್ಲ ಅವಳು ಹುಟ್ಟಿ ಬೆಳೆದ ಮನೆಯ ಹಾಗೆ. ಕಣ್ಣು ಮುಚ್ಚಿದಳು. ಅಪ್ಪ ನೆನಪಾದ. ಎದೆ ಬೆಚ್ಚಗಾಯಿತು.

ಏನೋ ಸರಿಯಿಲ್ಲ ಅನ್ನಿಸಿ ಕಣ್ಣು ತೆರೆದರೆ, ಮಗಳು ವೇದಿಕೆಯನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದಳು.

ಪರದೆಯಮ್ಮ ಗುನುಗುತ್ತಿದ್ದಳು. ಬಾಯಿ ಮುಚ್ಚಿಕೊಂಡೇ, ಆದರೆ ತನ್ನ ದನಿಯಲ್ಲಿ, ಗಾಯಕಿಯ ಶ್ರುತಿಗೆ ಸರಿಯಾಗಿ. ಎಷ್ಟು ಹೊತ್ತಿಂದ ಗುನುಗುತ್ತಿದ್ದಳೋ! ಆ ಹಳೆಯ ಕುರ್ಚಿಗಳು ಅದನ್ನು ಹಲಗೆಯಿಂದ ಹಲಗೆಗೆ ದಾಟಿಸಿ ಮಗಳ ಮೈಗೆ ಮುಟ್ಟಿಸಿದ್ದವು. ಹುಡುಗಿಯ ಅಂಗೈ ಕುರ್ಚಿಯ ತೋಳಿನ ಮೇಲೆ ಒತ್ತಿ ಹಿಡಿದಿತ್ತು, ಜ್ವರ ನೋಡುವವರ ಹಾಗೆ.

ಪರದೆಯಮ್ಮ ತಟ್ಟನೆ ನಿಲ್ಲಿಸಿದಳು. ಅಂಗೈಯ ಕೆಳಗಿನ ಕುರ್ಚಿ ಸುಮ್ಮನಾಯಿತು. ಇನ್ನು ಏನು ಪುರಾವೆ ಬೇಕು?

ಉಳಿದ ಕಚೇರಿಯನ್ನು ಇಬ್ಬರೂ ಕೇಳಲಿಲ್ಲ.

ಹೊರಗೆ ಇನ್ನೂ ಬಿಸಿಲಿತ್ತು. ಬಸ್ ನಿಲ್ದಾಣದ ತಗಡಿನ ಮಾಡಿನಡಿ ಅವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಡಾಕ್ಟರು ಹೇಳಿದ್ದ ಮೌನವನ್ನು ಮಗಳು ಅಲ್ಲಿ ಮುರಿದಳು. ಅರ್ಧ ಗಾಳಿ, ಅರ್ಧ ಕೆರಕು.

"ನಿಂದೂ ಹಾಗೇನಾ?"

"ಏನು ಪುಟ್ಟಾ? ಮಾತಾಡಬೇಡ, ಡಾಕ್ಟ್ರು ಬೈತಾರೆ" ಅಂದಳು ಪರದೆಯಮ್ಮ. ಸಣ್ಣ ದನಿಯಲ್ಲಿ! ಅಭ್ಯಾಸ, ಹಾಳು ಅಭ್ಯಾಸ. ಆಡಿದ ಮಾತು ಕಿವಿಗೆ ಬಿದ್ದಾಗ ಅವಳಿಗೇ ತನ್ನ ಕೆನ್ನೆಗೆ ಬಾರಿಸಿಕೊಳ್ಳಬೇಕು ಅನ್ನಿಸಿತು.

ಮಗಳ ಕಣ್ಣು ತುಂಬಿತು. "ಅಪ್ಪನ ಕಡೆಯದು ಅಂದೆ. ನನ್ನೊಬ್ಬಳದೇ ಹೀಗೆ ಅಂದುಕೊಂಡಿದ್ದೆ ನಾನು. ಏನೋ ರೋಗ ಅಂದುಕೊಂಡಿದ್ದೆ." ಕೆಮ್ಮು ಬಂತು. ಕೆಮ್ಮಿ, ಸುಧಾರಿಸಿಕೊಂಡು, "ನೀನು ಮಾತಾಡೋವರೆಗೆ ನಾನೂ ಮಾತಾಡಲ್ಲ. ಡಾಕ್ಟ್ರು ಹೇಳಿದರೂ ಮಾತಾಡಲ್ಲ" ಅಂದಳು. ಅಷ್ಟು ಹೇಳಿ ಮುಖ ತಿರುಗಿಸಿ ನಿಂತಳು.

ಹಟದಲ್ಲಿ ಆ ಹುಡುಗಿ ಅಪ್ಪನ ಕಡೆಯೇ, ಅದು ಮಾತ್ರ ಸುಳ್ಳಲ್ಲ. ಅಂದರೆ ಅಂದಂತೆ. ಇನ್ನೆರಡು ದಿನದಲ್ಲಿ ಡಾಕ್ಟರ ಬಳಿ ಹೋಗಬೇಕು, ತಗ್ಗಿನಲ್ಲಿ ಮಾತು ಶುರು ಮಾಡಿಸಬೇಕು. ಅಮ್ಮ ಬಾಯಿ ಬಿಡದಿದ್ದರೆ ಮಗಳ ಗಂಟಲು ಅಲ್ಲಿಗೇ ಮುಚ್ಚಿತು. ಬಸ್ಸಿನಲ್ಲಿ ಪರದೆಯಮ್ಮ ಕಿಟಕಿಯ ಸರಳು ಹಿಡಿದು ಕೂತಳು. ಒಂದು ಕಡೆ ಗಂಡ, ಇನ್ನೊಂದು ಕಡೆ ಮಗಳ ಗಂಟಲು. ತೂಗಿ ನೋಡುವುದಕ್ಕೆ ಅದರಲ್ಲೇನಿದೆ ಅನ್ನಬಹುದು ಕೇಳಿದವರು. ಅಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ದಿನವೂ ಹೆದರಿದವಳಿಗೆ ಗೊತ್ತು ಅದರ ಭಾರ.

ಮನೆಯಲ್ಲಿ ಗಂಡ ಒಲೆಯ ಮುಂದೆ ನಿಂತು ಚಹಾ ಕುದಿಸುತ್ತಿದ್ದ. "ಬಂದ್ರಾ? ಹೇಗಿತ್ತು ಕಚೇರಿ? ನಿನ್ನ ಪರದೆ ಕಿತ್ತುಬಂದು ಯಾರ ತಲೆ ಮೇಲೂ ಬೀಳಲಿಲ್ಲ ತಾನೇ?" ಅಂತ ಬೆನ್ನು ಮಾಡಿಕೊಂಡೇ ಕೇಳಿ ತನ್ನ ಮಾತಿಗೆ ತಾನೇ ನಕ್ಕ.

ಮಗಳು ಬಾಗಿಲಿಗೆ ಒರಗಿ ಅಮ್ಮನನ್ನು ನೋಡುತ್ತ ನಿಂತಳು.

ಪರದೆಯಮ್ಮ ಬಾಯಿ ತೆರೆದಳು. ಮೊದಲು ಬಂದದ್ದು ಬರೀ ಉಸಿರು. ಇನ್ನೊಂದು ಸಲ ಪ್ರಯತ್ನಿಸಿದಳು.

"ಇವಳ ದನಿ ನಿಮ್ಮ ದೊಡ್ಡಪ್ಪನದಲ್ಲ. ನನ್ನದು."

ಗಂಡ ಗಿರಕ್ಕನೆ ತಿರುಗಿದ. ಯಾರು ಬಂದರು ಅಂತ ಅವನ ಕಣ್ಣು ಮೊದಲು ಬಾಗಿಲಿಗೆ ಹೋಯಿತು, ಆಮೇಲೆ ಮಗಳ ಕಡೆ, ಕೊನೆಗೆ ಹೆಂಡತಿಯ ಬಾಯಿಯ ಮೇಲೆ ನಿಂತಿತು. ಚಹಾ ಉಕ್ಕಿ ಒಲೆಯ ಮೇಲೆ ಚರ್ರೆಂದಿತು.

"ಏನಂದೆ?"

"ನನ್ನದೇ ದನಿ ಇದು. ಹುಟ್ಟಿದಾಗಿಂದ. ಆವತ್ತು ನೀವು ನೋಡೋಕೆ ಬಂದಾಗ ಹೆದರಿಕೊಂಡು ಬೇರೆ ಥರ ಮಾತಾಡಿದೆ. ಆಮೇಲೆ ಬಿಡೋಕಾಗಲಿಲ್ಲ. ಇವಳಿಗೂ ಕಲಿಸಿಬಿಟ್ಟೆ. ನಾನೇ ಕಲಿಸಿದ್ದು."

ಗಂಡ ತಮಾಷೆ ಮಾಡುತ್ತಾನೇನೋ ಅಂತ ಅವಳು ಕಾದಳು. ಅವನು ಮಾಡಲಿಲ್ಲ. ಒಲೆ ಆರಿಸಿ, ಸ್ಟೂಲು ಎಳೆದುಕೊಂಡು ಕೂತ. "ಹಾಗಾದ್ರೆ ಇಷ್ಟು ವರ್ಷ ನನ್ನ ಜೊತೆ ಸಂಸಾರ ಮಾಡಿದ್ದು ಯಾರು?" ಅಂದ. ಸಿಟ್ಟಿನಿಂದ ಅಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ ಹಾಗೆ ಕೇಳಿದ. "ಕಾಯಿಲೆ ಬಿದ್ದಾಗ ನನ್ನ ಹತ್ತಿರ ಅತ್ತವಳು ಯಾರು? ನಾನು ಅಷ್ಟು ಕೆಟ್ಟವನಾಗಿದ್ನಾ ನಿನಗೆ?"

"ನೀವು ಕೆಟ್ಟವರಲ್ಲ. ನಾನು ಹೆದರುಪುಕ್ಕಲಿ" ಅಂದಳು ಪರದೆಯಮ್ಮ. ಅವನು ತಲೆ ತಗ್ಗಿಸಿ ಗ್ರೀಸು ಹತ್ತಿದ ತನ್ನ ಉಗುರುಗಳನ್ನು ನೋಡಿಕೊಳ್ಳುತ್ತ ಕೂತ. ಅವನ ಬಳಿ ಹೋಗಲೋ ಬೇಡವೋ ಅಂತ ಅವಳು ಇದ್ದಲ್ಲೇ ನಿಂತಳು.

ಆಗ ಮಗಳು ಬಾಗಿಲು ಬಿಟ್ಟು ಹತ್ತಿರ ಬಂದಳು. ಅಮ್ಮನ ಕುತ್ತಿಗೆಯ ಮೇಲೆ ಅಂಗೈ ಇಟ್ಟಳು. ಮಾತಾಡು ಅಂತ ಗಲ್ಲ ಎತ್ತಿ ಸನ್ನೆ ಮಾಡಿದಳು.

ಏನು ಮಾತಾಡುವುದು? ಬಾಯಿಗೆ ಬಂದದ್ದು ಮಾತಾಡಿದಳು. ಮಕಮಲ್ಲು ಎಷ್ಟು ಭಾರವಿತ್ತು ಅಂತ, ದಬ್ಬಣ ಬೆರಳಿಗೆ ಚುಚ್ಚಿತು ಅಂತ, ಬಸ್ಸಿನಲ್ಲಿ ಸೆಖೆಯಿತ್ತು ಅಂತ. ಅಡುಗೆಮನೆಯ ಪಾತ್ರೆಗಳು ಸಣ್ಣಗೆ ಕಂಪಿಸುವಂತೆ ಆ ದನಿ ತುಂಬಿಕೊಂಡಿತು. ಒಂದು ಚೂರೂ ಕೆಟ್ಟಿರಲಿಲ್ಲ ಅದು. ಹಾಡದೆ, ಕೂಗದೆ, ಜಗಳಾಡದೆ ಒಳಗೆ ಬಚ್ಚಿಟ್ಟಿದ್ದಳಲ್ಲ, ಎಲ್ಲೂ ಸವೆದಿರಲಿಲ್ಲ. ಸವೆದದ್ದೆಲ್ಲ ಮಗಳದು.

ಹುಡುಗಿ ಇನ್ನೊಂದು ಕೈಯನ್ನು ತನ್ನ ಕುತ್ತಿಗೆಯ ಮೇಲಿಟ್ಟುಕೊಂಡಳು. ಅಮ್ಮನ ದನಿಯ ತಗ್ಗಿಗೇ ಇಳಿಯಲು ನೋಡಿ ಬಾಯಿ ತೆರೆದಳು. ಗಾಳಿ ಬಂತು. ಮತ್ತೆ ತೆರೆದಳು. ಏನೋ ಗರಗರ ಅಂದು ಹರಿದುಹೋಯಿತು. ಮೂರನೇ ಸಲ ಗಂಟಲು ತಾನಾಗಿ ಬಿಗಿದುಕೊಂಡು ಹಳೆಯ ಸಣ್ಣ ದನಿಯ ಒಂದು ಎಳೆ ಕೀರಲಾಗಿ ಹೊರಬಿತ್ತು. ಅವಳೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ಗಂಡ ಸ್ಟೂಲಿನಿಂದ ಎದ್ದು ನಿಂತ.

ಮಗಳು ಬೈಯಲಿಲ್ಲ. ಬೈದಿದ್ದರೆ ಪರದೆಯಮ್ಮ ತಡೆದುಕೊಳ್ಳುತ್ತಿದ್ದಳು. ಅಮ್ಮನ ಕುತ್ತಿಗೆಯಿಂದ ಕೈ ತೆಗೆಯದೆ, ಬರೀ ಉಸಿರಿನಲ್ಲಿ, "ಎಷ್ಟು ಚೆನ್ನಾಗಿದೆ ನಿಂದು" ಅಂದಳು. ಆಮೇಲೆ, "ನಂದೂ ಹೀಗೇ ಇತ್ತಾ ಅಮ್ಮ?"

ಪರದೆಯಮ್ಮನಿಗೆ ಮತ್ತೆ ಸುಳ್ಳು ಹೇಳುವ ಶಕ್ತಿ ಇರಲಿಲ್ಲ.

"ಇದಕ್ಕಿಂತ ಚೆನ್ನಾಗಿತ್ತು" ಅಂದಳು.